ಬೂದಿಯಲ್ಲಿ ಉಳಿದ ಹುಲ್ಲು

ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಫರಸಿ ಕಲ್ಲು ಇಲ್ಲದ ಮನೆ ಅಪರೂಪ. ನೆಲಕ್ಕೆ ಅದೇ, ಮೆಟ್ಟಿಲಿಗೆ ಅದೇ, ಬಚ್ಚಲಿಗೂ ಅದೇ. ಇಂಥ ಸುಣ್ಣಕಲ್ಲಿನ ಪದರವನ್ನು ಸೀಳಿದಾಗ ಒಮ್ಮೊಮ್ಮೆ ಒಳಮೈಯಲ್ಲಿ ಕಪ್ಪನೆಯ ಪುಟ್ಟ ಗಿಡವೊಂದು ಕಾಣುತ್ತದೆ. ಕಾಂಡವಿದೆ, ಕವಲಿದೆ, ಕವಲಿಗೆ ಕಿರುಗವಲೂ ಇದೆ. ಜರಿಗಿಡವೇ ಕಲ್ಲಾಗಿ ಕೂತಿದೆ ಎಂದು ನೋಡಿದವರು ನಂಬಿದರೆ ಆಶ್ಚರ್ಯವಿಲ್ಲ.

ಆದರೆ ಅದು ಗಿಡವಲ್ಲ. ಕಲ್ಲಿನ ಸಂದಿಗೆ ಇಳಿದ ನೀರು ತನ್ನಲ್ಲಿ ಕರಗಿದ್ದ ಮ್ಯಾಂಗನೀಸ್ ಮತ್ತು ಕಬ್ಬಿಣವನ್ನು ಬಿಟ್ಟು ಆರಿಹೋದಾಗ ಮೂಡುವ ಖನಿಜದ ಗುರುತು, ಡೆಂಡ್ರೈಟ್. ಭೂತಗನ್ನಡಿ ಹಿಡಿದು ನೋಡಿದರೆ ಗುಟ್ಟು ರಟ್ಟಾಗುತ್ತದೆ. ಕವಲುಗಳಿಗೆ ನಡುನರವಿಲ್ಲ, ಎಲೆಗೆ ಅಂಚಿಲ್ಲ, ಇಡೀ ‘ಗಿಡ’ ಬಿರುಕಿನ ಅಂಚಿನಿಂದ ಒಳಕ್ಕೆ ಹಬ್ಬಿರುತ್ತದೆ. ಕಾಲದ ಲೆಕ್ಕವೂ ಕೂಡಿ ಬರುವುದಿಲ್ಲ. ಭೀಮಾ ಕಣಿವೆಯ ಈ ಸುಣ್ಣಕಲ್ಲು ಸಮುದ್ರದ ತಳದಲ್ಲಿ ಕೂತ ಕಾಲಕ್ಕೆ ಜಗತ್ತಿನ ಯಾವ ನೆಲದ ಮೇಲೂ ಜರಿಗಿಡವಿರಲಿಲ್ಲ. ಹುಲ್ಲಿರಲಿಲ್ಲ, ಹಾವಸೆಯೂ ಇರಲಿಲ್ಲ. ನೆಲದ ಸಸ್ಯಗಳ ಅತ್ಯಂತ ಹಳೆಯ ಬೀಜಕಣಗಳಿಗೆ ಸುಮಾರು 47 ಕೋಟಿ ವರ್ಷ. ಫರಸಿ ಕಲ್ಲು ಅದಕ್ಕಿಂತ ಬಹಳ ಹಳೆಯದು.

ಈ ಸೀಮೆಯ ನಿಜವಾದ ಸಸ್ಯ ಪಳೆಯುಳಿಕೆಗಳು ನೋಡಲು ಇಷ್ಟು ಚೆಂದವಿಲ್ಲ. ಒಂದು ಕಪ್ಪು ಚುಕ್ಕೆ, ಒಂದು ಸುಣ್ಣದ ಹರಳು, ಒಂದು ಹಿಡಿ ಬೂದಿ. ಪಳೆಯುಳಿಕೆಯ ಪುಸ್ತಕಗಳ ಮುಖಪುಟಕ್ಕೆ ಇವು ಬರುವುದಿಲ್ಲ. ಹಾಗಿದ್ದರೂ ಒಂದು ನೆಲದ ಹಳೆಯ ಹವೆ, ನೀರು, ಮೇವನ್ನು ತಿಳಿಯಲು ನನಗೆ ಎಲೆಯ ಅಚ್ಚಿಗಿಂತ ಇಂಥವುಗಳ ಮೇಲೆಯೇ ಹೆಚ್ಚು ಭರವಸೆ. ಗಿಡ ಸತ್ತ ಮೇಲೆ ಅದರ ಯಾವ ಭಾಗ ಉಳಿಯಿತು, ಯಾಕೆ ಉಳಿಯಿತು ಎಂಬುದರಲ್ಲೇ ಆ ಜಾಗದ ಅರ್ಧ ಚರಿತ್ರೆ ಇರುತ್ತದೆ.

ಕಪ್ಪು ಚುಕ್ಕೆಯಿಂದ ಶುರು ಮಾಡೋಣ. ಭೀಮಾ ಕಣಿವೆಯ ಕಲ್ಲುಗಳಲ್ಲಿ ಸುಣ್ಣಕಲ್ಲಿನ ಜೊತೆಗೆ ಶೇಲ್ ಎಂಬ ಜೇಡಿಪದರುಗಲ್ಲೂ ಇದೆ. ಇದರಲ್ಲಿ ಕೆಲವೇ ಮಿಲಿಮೀಟರ್ ಅಗಲದ, ಚಪ್ಪಟೆಯಾದ, ಇಂಗಾಲದ ಬಿಲ್ಲೆಗಳು ಸಿಗುತ್ತವೆ. ಹೆಸರು ಚುವಾರಿಯ. ಭೀಮಾ ಕಣಿವೆಯಿಂದ ಇದರ ವರದಿ ಪ್ರಕಟವಾದದ್ದು 1983ರಲ್ಲಿ. ಮುಂದೆ ಲಖನೌದ ಬೀರಬಲ್ ಸಾಹನಿ ಸಂಸ್ಥೆಯವರು ಹಲ್ಕಲ್ ಎಂಬ ಶೇಲ್ ಪದರದ ಇಂಗಾಲದ ಉಳಿಕೆಗಳನ್ನು ವಿವರವಾಗಿ ಪರಿಶೀಲಿಸಿದರು.

ಚುವಾರಿಯಕ್ಕೆ ಹೆಸರಿಟ್ಟವರು ಅಮೆರಿಕದ ಚಾರ್ಲ್ಸ್ ವಾಲ್ಕಾಟ್. ಗ್ರ್ಯಾಂಡ್ ಕ್ಯಾನ್ಯನ್ನಿನ ಕಲ್ಲುಗಳಲ್ಲಿ ಇದನ್ನು ಕಂಡ ಅವರು 1899ರಲ್ಲಿ ಇದೊಂದು ಚಿಪ್ಪುಪ್ರಾಣಿ ಎಂದು ಬರೆದರು. ಬಿಲ್ಲೆಯ ಮೇಲೆ ಒಂದರೊಳಗೊಂದು ಸುತ್ತುಗೆರೆಗಳಿದ್ದವು, ಚಿಪ್ಪಿನ ಬೆಳವಣಿಗೆಯ ಗೆರೆಗಳೆಂದು ಅವರು ತಿಳಿದರು. ಅವು ಸುಕ್ಕುಗಳು. ಗುಂಡಗಿನ ಮೆದು ಚೀಲವೊಂದು ಕೆಸರಿನ ಭಾರಕ್ಕೆ ಅಪ್ಪಚ್ಚಿಯಾದಾಗ ಅಂಚಿನ ಸುತ್ತ ಬೀಳುವ ಮಡಿಕೆಗಳು. ಚೀಲದ ಗೋಡೆಯನ್ನು ಆಮ್ಲದಲ್ಲಿ ಬಿಡಿಸಿ ನೋಡಿದ ಮೇಲೆ ಇದು ಪ್ರಾಣಿಯ ಚಿಪ್ಪಲ್ಲ, ಪಾಚಿಯ ಕುಲದ್ದು ಎಂಬ ಅಭಿಪ್ರಾಯ ಗಟ್ಟಿಯಾಯಿತು. ಕಟ್ಟುನಿಟ್ಟಾಗಿ ಹೇಳಿದರೆ ಇದು ಗಿಡವಲ್ಲ, ಗಿಡಗಳಿಗೆ ಬಲು ದೂರದ ಹಿರಿಯರ ಪೈಕಿ. ಜಗತ್ತಿನ ಬೇರೆಡೆ ಚುವಾರಿಯ ಹೇರಳವಾಗಿ ಸಿಗುವುದು ಸುಮಾರು 100 ಕೋಟಿಯಿಂದ 70 ಕೋಟಿ ವರ್ಷ ಹಿಂದಿನ ಕಲ್ಲುಗಳಲ್ಲಿ.

ಮೆದು ಚೀಲವೊಂದು ಇಷ್ಟು ಕಾಲ ಉಳಿಯಬೇಕಾದರೆ ಅದು ಬಿದ್ದ ಜಾಗ ಹೇಗಿದ್ದಿರಬೇಕು? ಅಲೆ ಬಡಿಯುವ ದಡವಾಗಿದ್ದರೆ ಚೂರುಚೂರಾಗುತ್ತಿತ್ತು. ತಳದ ನೀರಿನಲ್ಲಿ ಆಮ್ಲಜನಕ ಸಾಕಷ್ಟಿದ್ದರೆ ಕೊಳೆತುಹೋಗುತ್ತಿತ್ತು. ಮರಳು ಮುಚ್ಚಿದ್ದರೂ ಉಳಿಯುತ್ತಿರಲಿಲ್ಲ. ನುಣುಪಾದ ಕೆಸರು, ಅಲುಗದ ನೀರು, ಉಸಿರುಗಟ್ಟಿದ ತಳ, ಈ ಮೂರೂ ಕೂಡಿದ ಕಡೆ ಮಾತ್ರ ಇಂಗಾಲ ಇಂಗಾಲವಾಗಿಯೇ ಕಲ್ಲಿನೊಳಗೆ ಕೂರುತ್ತದೆ. ಬೇಸಿಗೆಯಲ್ಲಿ ಕಾಲಿಡಲಾಗದಷ್ಟು ಕಾದ ಈ ಬಂಡೆನಾಡಿನ ಮೇಲೆ ಒಂದು ಕಾಲಕ್ಕೆ ಶಾಂತವಾದ ಸಮುದ್ರ ಚಾಚಿಕೊಂಡಿತ್ತು ಎಂಬುದಕ್ಕೆ ಫರಸಿ ಕಲ್ಲು ಸಾಕ್ಷಿ. ಆ ಸಮುದ್ರದ ತಳದಲ್ಲಿ ಎಂಥ ಕೆಸರಿತ್ತು ಎಂಬುದಕ್ಕೆ ಈ ಚುಕ್ಕೆ ಸಾಕ್ಷಿ.

ಸುಣ್ಣದ ಹರಳಿಗೆ ಅಲ್ಲಿಂದ ಇತ್ತ, ಈಗಿನಿಂದ ಸುಮಾರು 6.6 ಕೋಟಿ ವರ್ಷ ಹಿಂದಿನ ಕಾಲಕ್ಕೆ ಬರಬೇಕು. ದಖ್ಖನ್ನಿನ ಲಾವಾ ಉಕ್ಕಿ ಹರಿಯುತ್ತಿದ್ದ ಕಾಲ. ಲಾವಾ ಎಡೆಬಿಡದೆ ಹರಿಯಲಿಲ್ಲ. ಒಂದು ಹರಿವಿಗೂ ಇನ್ನೊಂದಕ್ಕೂ ನಡುವೆ ದೀರ್ಘ ಬಿಡುವಿರುತ್ತಿತ್ತು. ಆ ಬಿಡುವಿನಲ್ಲಿ ತಗ್ಗುಗಳಲ್ಲಿ ಮಳೆನೀರು ನಿಂತು ಕೆರೆಗಳಾದವು, ಕೆರೆಯಲ್ಲಿ ಕೆಸರು ಕೂತಿತು, ಮುಂದಿನ ಲಾವಾ ಬಂದು ಅದನ್ನು ಮುಚ್ಚಿತು. ಯಾದಗಿರಿ ಜಿಲ್ಲೆಯ ಗುರುಮಠಕಲ್ ಸುತ್ತಮುತ್ತ ಇಂಥ ಪದರಗಳಿವೆ. ಅಲ್ಲಿನ ಮಣ್ಣನ್ನು ನೆನೆಸಿ, ಸಣ್ಣ ಜರಡಿಯಲ್ಲಿ ಸೋಸಿ, ಸೂಕ್ಷ್ಮದರ್ಶಕದ ಕೆಳಗೆ ಹರವಿದವರಿಗೆ ಕಾರ ಎಂಬ ನೀರುಪಾಚಿಯ ಸುಣ್ಣಗಟ್ಟಿದ ಅಂಡಕೋಶಗಳು ಸಿಕ್ಕವು. ಒಂದೊಂದೂ ಸಾಸಿವೆ ಕಾಳಿಗಿಂತ ಚಿಕ್ಕದು. ಐದು ಜೀವಕೋಶಗಳು ಎಡಕ್ಕೆ ಸುತ್ತುತ್ತ ಮೇಲೇರಿ ನೆತ್ತಿಯಲ್ಲಿ ಕೂಡುತ್ತವೆ. ಆ ಸುತ್ತು, ಆ ನೆತ್ತಿಯ ವಿನ್ಯಾಸ ನೋಡಿಯೇ ತಜ್ಞರು ಪ್ರಭೇದ ಹೇಳುತ್ತಾರೆ.

ಕಾರ ಎಲ್ಲೆಂದರಲ್ಲಿ ಬೆಳೆಯುವ ಪಾಚಿಯಲ್ಲ. ತಿಳಿನೀರು ಬೇಕು, ತಳದವರೆಗೆ ಬಿಸಿಲು ಇಳಿಯಬೇಕು, ನೀರಿನಲ್ಲಿ ಸುಣ್ಣದ ಅಂಶವಿರಬೇಕು, ಹರಿವಿನ ರಭಸ ಇರಬಾರದು. ಹೀಗಾಗಿ ಲಾವಾ ಬಯಲಿನ ನಡುವೆ ತಿಳಿಯಾದ, ಆಳವಿಲ್ಲದ ಕೆರೆಗಳಿದ್ದವು ಎಂದು ಧೈರ್ಯವಾಗಿ ಹೇಳಬಹುದು. ಡೈನೋಸಾರ್‌ಗಳು ಅಳಿದ ಗಡಿಯ ಆಚೀಚೆಯ ಕಾಲ ಇದಾದ್ದರಿಂದ ಈ ಕಾಳುಗಳ ಬೆಲೆ ಇನ್ನೊಂದು ಕಾರಣಕ್ಕೂ ಹೆಚ್ಚು. ಲಾವಾ ಪದರಗಳ ವಯಸ್ಸಿನ ಬಗ್ಗೆ ದೊಡ್ಡ ಜಗಳ ನಡೆದಿತ್ತು. ಮಧ್ಯಭಾರತದ ಇಂಥ ಪದರಗಳಲ್ಲಿ ತಾಳೆಮರ, ಅಜೋಲ ಎಂಬ ನೀರುಜರಿ, ಕಾರಗಳನ್ನು ಕಂಡ ಸಸ್ಯ ಪಳೆಯುಳಿಕೆಗಳ ತಜ್ಞ ಬೀರಬಲ್ ಸಾಹನಿ, ದಖ್ಖನ್ ಲಾವಾ ಅನೇಕರು ತಿಳಿದದ್ದಕ್ಕಿಂತ ಎಳೆಯದು, ಆ ಗಡಿಯ ಈಚಿನ ತೃತೀಯ ಯುಗದ ಆರಂಭದ್ದು ಎಂದು ವಾದಿಸಿದರು. ವಿಕಿರಣ ಕಾಲಮಾಪನ ಬಂದ ಮೇಲೆ ವಾದ ಅವರು ಹೇಳಿದಲ್ಲಿಗೂ ಅವರ ಎದುರಾಳಿಗಳು ಹೇಳಿದಲ್ಲಿಗೂ ನಡುವೆ, ಸರಿಯಾಗಿ ಗಡಿಯ ಮೇಲೆಯೇ ಬಂದು ನಿಂತಿತು.

ಇನ್ನು ಉಳಿದದ್ದು ಒಂದು ಹಿಡಿ ಬೂದಿ. ಅದಕ್ಕೆ ಕೊಡೇಕಲ್‌ಗೆ ಬರಬೇಕು.

ಈಗ ಹುಣಸಗಿ ತಾಲೂಕಿಗೆ ಸೇರಿದ, ಮೊದಲು ಸುರಪುರ ತಾಲೂಕಿನಲ್ಲಿದ್ದ ಈ ಊರು ಬಹುಜನಕ್ಕೆ ಗೊತ್ತಿರುವುದು ಕೊಡೇಕಲ್ ಬಸವಣ್ಣ ಮತ್ತು ಅವರ ಕಾಲಜ್ಞಾನದಿಂದ. ಪುರಾತತ್ತ್ವದವರಿಗೆ ಮಾತ್ರ ಕೊಡೇಕಲ್ ಎಂದರೆ ಬೂದಿದಿಬ್ಬ. ಕೃಷ್ಣೆಗೂ ಭೀಮೆಗೂ ನಡುವಿನ ಈ ಸುರಪುರ ದೋಆಬದಲ್ಲಿ 1960ರ ದಶಕದಿಂದ ಓಡಾಡಿ, ಅಗೆದು, ಬರೆದವರು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ. ಕೊಡೇಕಲ್ ದಿಬ್ಬವನ್ನು ಅಗೆದದ್ದೂ ಅವರೇ. ಆ ಕೆಲಸದ ಪುಸ್ತಕ 1973ರಲ್ಲಿ ಬಂತು. ಕೊಡೇಕಲ್‌ನ ಮಾದರಿಗೆ ಸಿಕ್ಕ ಇಂಗಾಲ ಕಾಲಮಾಪನ ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಹೋಗುತ್ತದೆ. ದಕ್ಷಿಣ ಭಾರತದ ನವಶಿಲಾಯುಗದ ಮೊದಲ ಹಂತ ಅದು.

ಬೂದಿದಿಬ್ಬಗಳ ಕಥೆ ಹಳೆಯದು. ಬಳ್ಳಾರಿ ಕಡೆಯ ಒಂದು ದಿಬ್ಬ ಹಿಡಿಂಬಾಸುರನನ್ನು ಸುಟ್ಟ ಬೂದಿ, ಹಂಪಿಯ ಬಳಿಯ ನಿಂಬಾಪುರದ್ದು ವಾಲಿಯ ಚಿತೆಯ ಬೂದಿ ಎಂದು ಜನ ಹೇಳುತ್ತ ಬಂದಿದ್ದಾರೆ. ಕ್ಯಾಪ್ಟನ್ ನ್ಯೂಬೋಲ್ಡ್ 1843ರಲ್ಲಿ ಇವುಗಳ ಬಗ್ಗೆ ಲೇಖನ ಪ್ರಕಟಿಸಿದ ಮೇಲೆ ಸಾಹೇಬರ ಊಹೆಗಳೂ ಸೇರಿಕೊಂಡವು. ಜ್ವಾಲಾಮುಖಿ ಎಂದವರುಂಟು, ಕಬ್ಬಿಣ ಕರಗಿಸಿದ ಕಿಟ್ಟ ಎಂದವರುಂಟು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ ಇದು ದನದ ದೊಡ್ಡಿಯ ಸುಟ್ಟ ಸಗಣಿ ಎಂದರು. ಅದು ಸರಿ ಎಂದು ರಾಸಾಯನಿಕ ವಿಶ್ಲೇಷಣೆಯಿಂದ ಲಂಡನ್ನಿನ ಎಫ್.ಇ. ಜ್ಯೂನರ್ ತೋರಿಸಿದ್ದು 1960ರ ಸುಮಾರಿಗೆ. ಪುರಾತತ್ತ್ವಜ್ಞ ಎಫ್.ಆರ್. ಆಲ್ಚಿನ್ ಅವರು ಉಟ್ನೂರಿನ ದಿಬ್ಬದಲ್ಲಿ ಬೂದಿಪದರಗಳ ನಡುವೆ ದನದ ಗೊರಸಿನ ಗುರುತುಗಳನ್ನೇ ಕಂಡಿದ್ದರು. ಅಲ್ಲಿಗೆ ಅಸುರರೂ ಜ್ವಾಲಾಮುಖಿಯೂ ಹಿಂದೆ ಸರಿದರು.

ಸಗಣಿ ಎಂದು ಗೊತ್ತಾದ ಕೂಡಲೇ ಈ ದಿಬ್ಬ ದನಗಾಹಿಗಳ ಕಥೆಯಾಗಿಬಿಟ್ಟಿತು. ಅದು ತಪ್ಪಲ್ಲ. ಆದರೆ ಸಗಣಿ ಎಂದರೆ ಏನು? ಹುಲ್ಲು. ದನದ ಹೊಟ್ಟೆಯಲ್ಲಿ ಅರೆದು, ಅರ್ಧ ಕರಗಿ, ಹೊರಬಂದ ಹುಲ್ಲು. ಹಾಗಾಗಿ ಕೊಡೇಕಲ್‌ನ ದಿಬ್ಬವನ್ನು ಸಸ್ಯಗಳ ರಾಶಿಯೆಂದೇ ಓದಬಹುದು. ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಈ ಗುಡ್ಡ ಬಯಲುಗಳಲ್ಲಿ ಬೆಳೆದ ಹುಲ್ಲನ್ನು ಹಿಂಡು ಹಿಂಡು ದನ ಸುತ್ತಲಿಂದ ಆಯ್ದು ತಂದು ಒಂದೇ ಜಾಗದಲ್ಲಿ ಒಟ್ಟಿವೆ.

ಬೆಂಕಿಯಲ್ಲಿ ಹುಲ್ಲು ಸುಟ್ಟುಹೋಗಿರಬೇಕಲ್ಲ, ಉಳಿದದ್ದೇನು? ಗಾಜು.

ಜೋಳದ ಹೊಲದಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಗರಿ ಕೈ ಕೊಯ್ಯುತ್ತದೆ. ಆ ಅಲಗು ಸಿಲಿಕಾದ್ದು. ಬೇರು ಮಣ್ಣಿನ ನೀರಿನ ಜೊತೆ ಕರಗಿದ ಸಿಲಿಕಾವನ್ನೂ ಹೀರುತ್ತದೆ. ನೀರು ಎಲೆಯಿಂದ ಆವಿಯಾಗಿ ಹೋಗುತ್ತದೆ, ಸಿಲಿಕಾ ಹೋಗಲಾರದೆ ಜೀವಕೋಶಗಳ ಒಳಗೆ ಗಟ್ಟಿಯಾಗಿ ಆ ಕೋಶದ ಆಕಾರವನ್ನೇ ತಾಳುತ್ತದೆ. ಇದಕ್ಕೆ ಫೈಟೋಲಿತ್ ಎಂದು ಹೆಸರು. ಮಿಲಿಮೀಟರಿನ ನೂರನೆಯ ಒಂದೆರಡು ಪಾಲು ಗಾತ್ರ. ದನದ ಹೊಟ್ಟೆಯ ಹುಳಿ ಇದನ್ನು ಕರಗಿಸಲಾರದು, ಒಲೆಯ ಬೆಂಕಿ ಸುಡಲಾರದು, ಎರೆಮಣ್ಣಿನಲ್ಲಿ ಸಾವಿರಾರು ವರ್ಷ ಬಿದ್ದಿದ್ದರೂ ಬಹುಪಾಲು ಹಾಗೇ ಇರುತ್ತದೆ. ಈ ಸೀಮೆಯಲ್ಲಿ ಇದು ಸಣ್ಣ ಅನುಕೂಲವಲ್ಲ. ಹಳೆಯ ಸಸ್ಯವರ್ಗ ತಿಳಿಯಲು ಬೇರೆಡೆ ಮೊದಲು ಹುಡುಕುವುದು ಪರಾಗವನ್ನು. ಪರಾಗ ಉಳಿಯಲು ಸದಾ ಒದ್ದೆಯಾದ ಕೆಸರು ಬೇಕು. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಮೊಣಕೈ ಹೋಗುವಷ್ಟು ಬಿರಿಯುವ ಎರೆಭೂಮಿಯಲ್ಲಿ ಪರಾಗ ಕೊಳೆತುಹೋಗುತ್ತದೆ.

ದಿಬ್ಬದ ಬೂದಿಯನ್ನು ಆಮ್ಲದಲ್ಲಿ ತೊಳೆದು ಸುಣ್ಣ ತೆಗೆದು, ಭಾರದ ದ್ರವದಲ್ಲಿ ಹಾಕಿ ಸಿಲಿಕಾವನ್ನು ತೇಲಿಸಿ, ಗಾಜಿನ ಪಟ್ಟಿಯ ಮೇಲೆ ಹರವಿದರೆ ಕಾಣುವುದು ಆಕಾರಗಳ ಸಂತೆ. ಎರಡು ಗುಂಡು ನಡುವೆ ಕುತ್ತಿಗೆ ಇರುವ ಡಂಬೆಲ್ ಆಕಾರದವು ಹೆಚ್ಚಾಗಿದ್ದರೆ ಜೋಳ, ನವಣೆ, ಕೊರಲೆಗಳ ಬಳಗದ ಹುಲ್ಲು. ಕುದುರೆಯ ಜೀನಿನ ಆಕಾರದವು ಹೆಚ್ಚಾದರೆ ಗರಿಕೆಯ ಬಳಗ. ಈ ಬಳಗದ ಗಿಡ್ಡ ಹುಲ್ಲುಗಳು ಒಣ ಸೀಮೆಯವು, ದನ ಮೇಯ್ದಷ್ಟೂ ಚಿಗುರುವಂಥವು. ಗೋಧಿಯ ಬಳಗದ್ದು ಮತ್ತೊಂದು ಆಕಾರ, ಅದು ತಂಪು ಹವೆಯದು. ಒಂದೊಂದು ಕಣ ನೋಡಿ ಜಾತಿ ಹೇಳಲಾಗದು, ನೂರಾರು ಕಣ ಎಣಿಸಿ ಯಾವುದರ ಪಾಲು ಎಷ್ಟು ಎಂದು ನೋಡಬೇಕು. ಕೊಡೇಕಲ್‌ನ ನೆರೆಯ ಬೂದಿಹಾಳದಲ್ಲಿ ಪದ್ದಯ್ಯನವರು ಮುಂದೆ ದೊಡ್ಡ ಪ್ರಮಾಣದ ಅಗೆತ ನಡೆಸಿದರು. ದನದ ದೊಡ್ಡಿ, ಅದರ ಪಕ್ಕದಲ್ಲಿ ಜನವಸತಿ, ಪ್ರಾಣಿಗಳನ್ನು ಕೊಯ್ದು ಹಂಚಿದ ನೆಲ, ಎಲ್ಲವೂ ಅಲ್ಲಿ ಸಿಕ್ಕವು. ಅಲ್ಲಿನ ಮಣ್ಣಿನ ಫೈಟೋಲಿತ್‌ಗಳ ಮೇಲೆ ಎಂ.ಡಿ. ಕಾಜಳೆ ಮತ್ತು ಎಸ್.ಪಿ. ಏಕ್ಸಂಬೇಕರ್ ಅವರ ಅಧ್ಯಯನ 2001ರಲ್ಲಿ ಬಂತು. ಈ ದಾರಿಯ ಕೆಲಸ ದಕ್ಷಿಣ ಭಾರತದಲ್ಲಿ ಆಗಿನ್ನೂ ಹೊಸದು.

ಬೂದಿದಿಬ್ಬಗಳಲ್ಲಿ ಸಡಿಲ ಬೂದಿಯ ಜೊತೆಗೆ ಕರಗಿ ಗಟ್ಟಿಯಾದ ಕಿಟ್ಟವೂ ಇರುತ್ತದೆ. ಕುದ್ದು ಉಕ್ಕಿ ಹಾಗೇ ಹೆಪ್ಪುಗಟ್ಟಿದ ಬೆಲ್ಲದ ಪಾಕದಂತೆ ಮೈತುಂಬ ಗುಳ್ಳೆ. ನ್ಯೂಬೋಲ್ಡ್ ಕಾಲದವರನ್ನು ದಾರಿ ತಪ್ಪಿಸಿದ್ದು ಇದೇ. ಇದರ ಹಿಂದಿರುವುದೂ ಹುಲ್ಲಿನ ಸಿಲಿಕಾವೇ. ಶುದ್ಧ ಸಿಲಿಕಾ ಕರಗಲು 1700 ಡಿಗ್ರಿ ಬೇಕು, ಸಗಣಿಯ ರಾಶಿ ಅಷ್ಟು ಕಾಯುವುದಿಲ್ಲ. ಆದರೆ ಸಗಣಿಯ ಬೂದಿಯಲ್ಲಿ ಪೊಟ್ಯಾಸಿಯಂ, ಸುಣ್ಣ ಧಾರಾಳ. ಇವು ಬೆರೆತಾಗ ಸಿಲಿಕಾ ಬಹಳ ಕಡಿಮೆ ಬಿಸಿಗೇ ಕರಗುತ್ತದೆ. ಬಳೆಗಾರರು ಮರಳಿಗೆ ಕ್ಷಾರ ಬೆರೆಸಿ ಗಾಜು ಮಾಡುವುದೂ ಇದೇ ಲೆಕ್ಕದಲ್ಲಿ. ಎಲ್ಲಿ ಬರೀ ಬೂದಿಯಿದೆ, ಎಲ್ಲಿ ಕಿಟ್ಟವಿದೆ ಎಂಬುದರಿಂದ ಬೆಂಕಿಯ ಬಿಸಿಯೂ ತಿಳಿಯುತ್ತದೆ. ಮೆಲುಕುಹಾಕುವ ಪ್ರಾಣಿಗಳ ಕರುಳಿನಲ್ಲಿ ಸುಣ್ಣದ ಅತಿಸಣ್ಣ ಗೋಲಿಗಳು ಹುಟ್ಟಿ ಸಗಣಿಯೊಂದಿಗೆ ಬರುತ್ತವೆ, ಸುಮಾರು 700 ಡಿಗ್ರಿ ದಾಟಿದರೆ ಅವು ಅಳಿಯುತ್ತವೆ. ಗೋಲಿ ಇದ್ದರೆ ಮಂದ ಬೆಂಕಿ. ಗೋಲಿ ಹೋಗಿ ಕಿಟ್ಟ ಬಂದಿದ್ದರೆ ಸಾವಿರ ಡಿಗ್ರಿಯ ಆಸುಪಾಸಿನ ಉರಿ. ಯಾಕೆ ಸುಟ್ಟರು ಎಂಬುದಕ್ಕೆ ಮಾತ್ರ ಎರಡು ಪಕ್ಷ. ಹಬ್ಬದ, ಆಚರಣೆಯ ಬೆಂಕಿ ಎಂದು ಆಲ್ಚಿನ್, ತಿಪ್ಪೆ ತುಂಬಿದಾಗ ಚೊಕ್ಕ ಮಾಡಲು ಸುಟ್ಟದ್ದು ಎಂದು ಪದ್ದಯ್ಯ.

ಸಗಣಿಯ ಸಾಕ್ಷಿಗೆ ಒಂದು ಮಿತಿಯಿದೆ. ಅದು ದನ ಮೇಯ್ದದ್ದನ್ನು ಮಾತ್ರ ಹೇಳುತ್ತದೆ. ಮೇಯದ ಮರ ಅದರಲ್ಲಿ ಇಲ್ಲ. ಮರಕ್ಕೆ ಒಲೆಯ ಇದ್ದಿಲು ನೋಡಬೇಕು. ಇದ್ದಿಲಿನ ತುಂಡನ್ನು ಅಡ್ಡಕ್ಕೆ ಮುರಿದರೆ ಜೀವಂತ ಮರದ ನಾಳಗಳ ಸಾಲು ಹಾಗೇ ಕಾಣುತ್ತದೆ, ನಾಳದ ಜೋಡಣೆಯಿಂದ ಮರದ ಕುಲ ತಿಳಿಯುತ್ತದೆ. ಬಳ್ಳಾರಿಯ ಸಂಗನಕಲ್ಲಿನಂಥ ನೆಲೆಗಳ ಇದ್ದಿಲಿನ ಮೇಲೆ ಎಲೆನಿ ಅಸೌಟಿ ಮತ್ತು ಡೋರಿಯನ್ ಫುಲ್ಲರ್ 2008ರಲ್ಲಿ ಇಡೀ ಪುಸ್ತಕವನ್ನೇ ತಂದರು. ಅದರಲ್ಲಿ ಮೂಡುವ ಚಿತ್ರ ಎಲೆ ಉದುರಿಸುವ ಒಣಕಾಡಿನದು. ದಟ್ಟ ಅಡವಿಯೂ ಅಲ್ಲ, ಈಗಿನ ಬೋಳು ಗುಡ್ಡವೂ ಅಲ್ಲ. ನಡುನಡುವೆ ಹುಲ್ಲು ಬೆಳೆಯಲು ಬಿಸಿಲು ಬಿಡುವಂಥ ಕಾಡು.

ಬೆಳೆಗೆ ಸುಟ್ಟ ಕಾಳು ನೋಡಬೇಕು. ಅಗೆದ ಮಣ್ಣನ್ನು ನೀರಿನ ತೊಟ್ಟಿಗೆ ಸುರಿದು ಕದಡಿದರೆ ಮಣ್ಣು ಇಳಿಯುತ್ತದೆ, ಕರಿಕಾದ ಕಾಳು ಮೇಲೆ ತೇಲುತ್ತದೆ. ಅದನ್ನು ಬಟ್ಟೆಯಲ್ಲಿ ಸೋಸಿ ನೆರಳಿನಲ್ಲಿ ಒಣಗಿಸಿದರೆ ಆಯಿತು. ಇಷ್ಟು ಸುಲಭದ ಕೆಲಸ ದಕ್ಷಿಣ ಭಾರತದ ನವಶಿಲಾಯುಗದ ಚಿತ್ರವನ್ನೇ ಬದಲಿಸಿತು. ಫುಲ್ಲರ್, ಧಾರವಾಡದ ರವಿ ಕೋರಿಶೆಟ್ಟರ್ ಮತ್ತು ಅವರ ಸಂಗಡಿಗರು ಸಂಗನಕಲ್ಲು, ಕುರುಗೋಡು, ಹಾವೇರಿ ಜಿಲ್ಲೆಯ ಹಳ್ಳೂರು ಮೊದಲಾದ ಕಡೆಯ ಮಣ್ಣನ್ನು ಹೀಗೆ ತೊಳೆದು 2004ರಲ್ಲಿ ವರದಿ ಮಾಡಿದರು. ಮತ್ತೆ ಮತ್ತೆ ಸಿಕ್ಕಿದ್ದು ನಾಲ್ಕು: ಹುರುಳಿ, ಹೆಸರು, ಕೊರಲೆ, ಮತ್ತು ಬಟ್ಟೆಗೆ ಅಂಟುವ ತೆನೆಯ, ನವಣೆಯ ನೆಂಟ ಹುಲ್ಲೊಂದರ ಕಾಳು. ಈಗ ಈ ಸೀಮೆಯ ಅನ್ನ ಎನಿಸಿದ ಜೋಳ, ಸಜ್ಜೆ ಆ ಆರಂಭದ ಪಟ್ಟಿಯಲ್ಲಿಲ್ಲ, ಅವು ಆಮೇಲೆ ಆಫ್ರಿಕದಿಂದ ಬಂದವು. ತೊಗರಿಯೂ ಪೂರ್ವದ ಕಡೆಯಿಂದ ಬಂದದ್ದು. ಜೋಳದ ರೊಟ್ಟಿ ಅನಾದಿಯದು ಎಂದು ನಂಬಿದವರಿಗೆ ಇದು ಸ್ವಲ್ಪ ಕಹಿ.

ನಾಲ್ಕೂ ಮುಂಗಾರಿನ ಬೆಳೆಗಳು, ಕಡಿಮೆ ಮಳೆಯಲ್ಲಿ ಬೇಗ ಕಟಾವಿಗೆ ಬರುವಂಥವು. ಮೇವಿನ ಸಾಕ್ಷಿಗೂ ಇದ್ದಿಲಿನ ಸಾಕ್ಷಿಗೂ ಇದು ಹೊಂದುತ್ತದೆ. ಮೂರು ಬೇರೆ ಬೇರೆ ದಾರಿಯಲ್ಲಿ ಉಳಿದ ಗಿಡಗಳು ಒಂದೇ ಮಾತು ಹೇಳಿದಾಗ ಅದನ್ನು ನಂಬಬಹುದು.

ಮಳೆ ಆಮೇಲೆ ಏನಾಯಿತು ಎಂಬುದಕ್ಕೆ ಸಮುದ್ರಕ್ಕೆ ಹೋಗಬೇಕು. ಎಲೆಗಳ ಮೈಮೇಲಿನ ಮೇಣ ಕೊಳೆಯುವುದು ಬಲು ನಿಧಾನ. ಧೂಳಿನ ಜೊತೆ ನದಿ ಸೇರಿ, ಸಮುದ್ರದ ತಳದ ಕೆಸರಿನಲ್ಲಿ ವರ್ಷವರ್ಷವೂ ಕೂರುತ್ತದೆ. ಮರ ಮತ್ತು ಒಣಸೀಮೆಯ ಹುಲ್ಲು ಗಾಳಿಯ ಇಂಗಾಲವನ್ನು ಹಿಡಿಯುವ ರೀತಿ ಬೇರೆಯಾದ್ದರಿಂದ ಮೇಣದಲ್ಲಿನ ಭಾರದ ಇಂಗಾಲದ ಪಾಲೂ ಬೇರೆ. ಗೋದಾವರಿಯ ಬಾಯಿಯೆದುರಿನ ಕಡಲ ತಳದಿಂದ ತೆಗೆದ ಕೆಸರಿನ ಕಂಬದಲ್ಲಿ ಇದನ್ನು ಅಳೆದು 2012ರಲ್ಲಿ ಪ್ರಕಟಿಸಿದ ಅಧ್ಯಯನ, ಸುಮಾರು 4000 ವರ್ಷಗಳ ಹಿಂದಿನಿಂದ 1700 ವರ್ಷಗಳ ಹಿಂದಿನವರೆಗೆ ಒಣಹವೆಗೆ ಒಗ್ಗಿದ ಸಸ್ಯಗಳು ಹೆಚ್ಚುತ್ತ ಹೋದವು ಎಂದು ತೋರಿಸಿತು. ಬೂದಿದಿಬ್ಬಗಳ ಕಾಲ ಮುಗಿದದ್ದೂ ಈ ಅವಧಿಯಲ್ಲೇ. ಎರಡನ್ನೂ ಗಂಟುಹಾಕಿ ಬರ ಬಂತು, ದನಗಾಹಿಗಳು ಹೋದರು ಎಂದು ಬರೆಯುವ ಆಸೆ ಯಾರಿಗೂ ಆಗುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಜನ ಹೋಗಲಿಲ್ಲ, ಊರು ಕಟ್ಟಿ ಕೂತರು. ಸಗಣಿಯನ್ನು ಸುಡುವ ಬದಲು ಹೊಲಕ್ಕೆ ಹಾಕತೊಡಗಿದರೆ ದಿಬ್ಬ ತಾನಾಗಿಯೇ ನಿಲ್ಲುತ್ತದೆ. ಅದಕ್ಕೆ ಬರ ಬೇಕಿಲ್ಲ.

ಈಗ ಇದೇ ನೆಲ ಹೊಸ ಸಾಕ್ಷಿಯನ್ನು ಕೂಡಿಡುತ್ತಿದೆ, ಅದು ಗೊಂದಲದ್ದು. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿದು ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಹುಣಸಗಿ, ಸುರಪುರ ಕಡೆ ಭತ್ತ ಹಬ್ಬಿತು. ಭತ್ತದಷ್ಟು ಸಿಲಿಕಾ ಹೀರುವ ಬೆಳೆ ಕಡಿಮೆ, ಹೊಟ್ಟಿನಲ್ಲಿ ಐದನೆಯ ಒಂದು ಪಾಲಿನವರೆಗೂ ಅದೇ. ಬೀಸಣಿಗೆ ಆಕಾರದ ಅದರ ಫೈಟೋಲಿತ್‌ಗಳು ಪ್ರತಿ ಫಸಲಿಗೂ ಗದ್ದೆಯ ಮಣ್ಣಿಗೆ ಸೇರುತ್ತಿವೆ. ಮುಂದೆಂದೋ ಈ ಮಣ್ಣನ್ನು ಓದುವವರು ಇಪ್ಪತ್ತನೆಯ ಶತಮಾನದ ಕೊನೆಗೆ ಇಲ್ಲಿ ಮಳೆ ಇಮ್ಮಡಿಸಿತು ಎಂದುಕೊಂಡಾರು. ಆ ನೀರು ಸಹ್ಯಾದ್ರಿಯ ಮಳೆ, ಕಾಲುವೆಯಲ್ಲಿ ಬಂದದ್ದು. ಮಳೆನೀರಿನ ಬೆಳೆಗಿಂತ ಹಾಯಿಸಿದ ನೀರಿನ ಬೆಳೆಯಲ್ಲಿ ಹಲವು ಕೋಶಗಳು ಒಟ್ಟಿಗೆ ಅಂಟಿದ ಸಿಲಿಕಾ ಹಾಳೆಗಳು ಹೆಚ್ಚಿರುತ್ತವೆ ಎಂದು ಆರ್ಲೀನ್ ರೋಸನ್ ಮತ್ತು ಸ್ಟೀವ್ ವೀನರ್ 1994ರಲ್ಲಿ ಗೋಧಿಯಲ್ಲಿ ತೋರಿಸಿದ್ದರು. ಗದ್ದೆಯಲ್ಲಿ ಬೀಸಣಿಗೆ, ಪಕ್ಕದ ಮಡ್ಡಿಯಲ್ಲಿ ಗರಿಕೆಯ ಜೀನು, ಎರಡೂ ಒಂದೇ ಪದರದಲ್ಲಿ ಕಂಡರೆ ನೀರು ತಂದದ್ದೆಂದು ಊಹಿಸಬಹುದು.

ಇನ್ನೊಂದು ತೊಡಕಿದೆ. ಬೂದಿದಿಬ್ಬಗಳ ಬೂದಿ ಒಳ್ಳೆಯ ಗೊಬ್ಬರ. ಅದನ್ನು ಗಾಡಿಗಟ್ಟಲೆ ಹೊಲಕ್ಕೆ ಹೊಡೆದು ದಕ್ಷಿಣದ ಅನೇಕ ದಿಬ್ಬಗಳು ಕರಗಿವೆ. ರೈತರನ್ನು ದೂರಿ ಪ್ರಯೋಜನವಿಲ್ಲ, ಗೊಬ್ಬರದ ಬೆಲೆ ಅವರಿಗೆ ಗೊತ್ತು, ದಿಬ್ಬದ ಬೆಲೆಯನ್ನು ಅವರಿಗೆ ಹೇಳಿದವರು ಕಡಿಮೆ. ಹೀಗೆ ನವಶಿಲಾಯುಗದ ದನ ಮೇಯ್ದ ಹುಲ್ಲಿನ ಸಿಲಿಕಾ ಇಂದಿನ ಭತ್ತ, ಜೋಳ, ಹತ್ತಿಯ ಮಣ್ಣಿನಲ್ಲಿ ಬೆರೆತಿರುತ್ತದೆ. ಒಂದು ಚಮಚ ಮಣ್ಣಿನಲ್ಲಿ ನಾಲ್ಕೂವರೆ ಸಾವಿರ ವರ್ಷಗಳ ಅಂತರದ ಹುಲ್ಲುಗಳು ಒಟ್ಟಿಗೆ ಸಿಗಬಹುದು. ಅವನ್ನು ಬೇರ್ಪಡಿಸುವ ಒಂದು ದಾರಿಯಿದೆ. ಸುಟ್ಟ ಸಿಲಿಕಾ ಬೆಳಕನ್ನು ಸುಡದ ಸಿಲಿಕಾಕ್ಕಿಂತ ತುಸು ಹೆಚ್ಚು ಬಾಗಿಸುತ್ತದೆ. ಸರಿಯಾದ ಎಣ್ಣೆಯಲ್ಲಿ ಅದ್ದಿ ನೋಡಿದರೆ ದಿಬ್ಬದ ಬೆಂಕಿ ಕಂಡ ಕಣ ಯಾವುದು, ಗದ್ದೆಯಲ್ಲಿ ಹಸಿಯಾಗಿಯೇ ಉದುರಿದ ಕಣ ಯಾವುದು ಎಂದು ವಿಂಗಡಿಸಲು ಸಾಧ್ಯ. ರೈತರು ಭತ್ತ ಕೊಯ್ದ ಮೇಲೆ ಕೂಳೆಗೆ ಬೆಂಕಿ ಇಡದಿದ್ದರೆ ಮಾತ್ರ.